ಸಿಟ್ಟಿಲ್ಲದ ಬೆಂಕಿ

ನಮ್ಮ ಸೋದರಮಾವ ತಾಮ್ರವನ್ನು ಬಂಗಾರ ಮಾಡಲು ಬರೋಡಾಕ್ಕೆ ಬಂದಿದ್ದರು. ಹೀಗೆಂದರೆ ಜನ ನಗುತ್ತಾರೆ. ನಗಲಿ, ನಾನೂ ಮೊದಮೊದಲು ನಕ್ಕವಳೇ. ಆದರೆ ಮಂಜಲ್‌ಪುರದ ನಮ್ಮ ಮನೆಯ ಗಚ್ಚಿಯ ಮೇಲೆ ಕೂತು ಆ ಮನುಷ್ಯ ಏನು ಮಾಡಿದರು ಎಂಬುದನ್ನು ಕಣ್ಣಾರೆ ಕಂಡ ಮೇಲೆ, ದೊಡ್ಡ ದೊಡ್ಡ ಸಾಧಕರ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವರ ಮಸಿ ಹಿಡಿದ ಧೋತರ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡನಿಗೆ ಗೋರ್ವಾ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಮಿಕಲ್ ಇಂಜಿನಿಯರ್ ಕೆಲಸ. ಮಾಮಾ, ಅಂದರೆ ನನ್ನ ಅವ್ವನ ಅಣ್ಣ, ಗದಗಿನ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಆಗಷ್ಟೇ ರಿಟೈರ್ ಆಗಿದ್ದರು. ಮಾಮಿ ಎಂದೋ ತೀರಿಕೊಂಡಿದ್ದಳು. ಊರಲ್ಲಿ ಅವರಿಗೆ ಬೇಯಿಸಿ ಹಾಕಲು ಯಾವ ಅಡಿಗೆಯವಳೂ ನಿಲ್ಲುತ್ತಿರಲಿಲ್ಲ. ಒಬ್ಬಾಕೆಯಂತೂ ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗಲೇ ಹಿತ್ತಲ ಬಾಗಿಲಿನಿಂದ ಹೋದವಳು ಸಂಬಳ ಕೇಳಲೂ ತಿರುಗಿ ಬರಲಿಲ್ಲ.

ಮಾಮಾನ ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು ಎಂದರೆ ಕಡಿಮೆ ಹೇಳಿದಂತೆ. ಅದು ಮೂಗಿಗಿಂತ ಒಂದು ಮೊಳ ಮುಂದೆಯೇ ನಡೆಯುತ್ತಿತ್ತು. ಊಟಕ್ಕೆ ಕೂತಾಗ ಅದಕ್ಕೆ ವಿಶೇಷ ಹುರುಪು. ಸಾರಿಗೆ ಉಪ್ಪು ಕಡಿಮೆಯಾದರೆ ತಾಟು ಹಾರುತ್ತಿತ್ತು. ಅವರ ಮನೆಯ ಹಿತ್ತಾಳೆ ತಾಟುಗಳಲ್ಲಿ ಅಂಚು ನೆಗ್ಗದ್ದು ಒಂದೂ ಇರಲಿಲ್ಲ. ಶಾಲೆಯ ಸೂಟಿಗೆ ಹೋದ ನಾವು ಹುಡುಗರು ನೆಗ್ಗಿನ ಗುರುತು ಹಿಡಿದೇ ನಮ್ಮ ನಮ್ಮ ತಾಟು ಆರಿಸಿಕೊಳ್ಳುತ್ತಿದ್ದೆವು. ನಮಗೆ ಅದು ಆಟ. ಮಾಮಾನ ಒಬ್ಬಳೇ ಮಗಳಿಗೆ ಆಟವಾಗಿರಲಿಲ್ಲ. ತಾಯಿಯಿಲ್ಲದ ಆ ಹುಡುಗಿ ಮಣೆ ಮೇಲೆ ನಿಂತರಷ್ಟೇ ಒಲೆ ಎಟುಕುವ ವಯಸ್ಸಿನಿಂದ ಸಾರು ಮಾಡಿದವಳು. ಅಪ್ಪನಿಗೆ ಬಡಿಸಿ, ಒಳಗೆ ಹೋಗಿ, ಅಡಿಗೆಮನೆಯ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು. ಮೊದಲ ತುತ್ತು ಒಳಗೆ ಹೋಗುವ ತನಕ ಅವಳು ಉಸಿರು ಬಿಡುತ್ತಿರಲಿಲ್ಲ.

ಅದೇ ಹುಡುಗಿ ದೊಡ್ಡವಳಾಗಿ, ಬಟ್ಟೆಯ ಡಿಸೈನು ಕಲಿಯಲು ಬರೋಡಾಕ್ಕೆ ಬಂದು ನಮ್ಮ ಮನೆಯಲ್ಲೇ ಇದ್ದಳು. ಓದು ಮುಗಿಯುವಷ್ಟರಲ್ಲಿ ಜೊತೆಗೆ ಕಲಿಯುತ್ತಿದ್ದ ಸೂರತ್ತಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಸೀರೆಗೆ ಜರಿ ಮಾಡುವ ಮನೆತನ, ಒಳ್ಳೆಯ ಜನ. ಸುದ್ದಿ ತಿಳಿದ ಮಾಮಾ ಊರಿಂದ ಓಡಿ ಬಂದು, ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಆಡಬಾರದ ಮಾತೆಲ್ಲ ಆಡಿ, ಕೊಟ್ಟ ನೀರನ್ನೂ ಮುಟ್ಟದೆ ಹೋದರು. ಕಡೆಗೆ ಮದುವೆಯಲ್ಲಿ ಅವಳನ್ನು ಧಾರೆಯೆರೆದು ಕೊಟ್ಟವರು ನಾವು ಗಂಡಹೆಂಡತಿ. ಆಮೇಲೆ ಅಪ್ಪ ಮಗಳ ನಡುವೆ ಮಾತಿಲ್ಲ, ಕತೆಯಿಲ್ಲ. ಅವಳಿಗೊಂದು ಹೆಣ್ಣು ಕೂಸಾಯಿತು. ಅದಕ್ಕೂ ಅಜ್ಜನ ಮುಖ ಗೊತ್ತಿರಲಿಲ್ಲ.

ಹೀಗಿರುವಾಗ ಮಾಮಾ ಒಂದು ಟ್ರಂಕು ಹೊತ್ತು ಬರೋಡಾ ಸ್ಟೇಷನ್ನಿನಲ್ಲಿ ಇಳಿದರು. ಸೂರತ್ತು ಇಲ್ಲಿಂದ ರೈಲಿನಲ್ಲಿ ಒಂದು ಹೊತ್ತಿನ ದಾರಿ. ಮಗಳಿಗಾಗಿ ಬಂದಿದ್ದಾರೆ ಎಂದು ನಾನು ಒಳಗೊಳಗೆ ಖುಷಿಪಟ್ಟೆ. ಟ್ರಂಕು ತೆರೆದರೆ ಗಂಧಕದ ವಾಸನೆ. ಮಣ್ಣಿನ ಮೂಸೆಗಳು, ಸೀಸೆಯಲ್ಲಿ ಪಾದರಸ, ತಾಮ್ರದ ತುಂಡುಗಳು, ಒಣಗಿದ ಯಾವುದೋ ಸೊಪ್ಪಿನ ಕಟ್ಟು.

“ಇಲ್ಲೆ ಕುಳ್ಳು ಸಿಗ್ತಾವೇನವಾ?” ಎಂದು ಕೇಳಿದರು.

ಕಪ್ಪತಗುಡ್ಡದಲ್ಲಿ ಗಿಡಮೂಲಿಕೆ ಹುಡುಕುತ್ತ ತಿರುಗುವ ಒಬ್ಬ ಬೈರಾಗಿ ಅವರಿಗೆ ರಸವಿದ್ಯೆ ಹೇಳಿಕೊಟ್ಟಿದ್ದನಂತೆ. ತಾಮ್ರ, ಪಾದರಸ, ಸೊಪ್ಪಿನ ರಸ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಮಣ್ಣು ಮೆತ್ತಿದ ಬಟ್ಟೆ ಸುತ್ತಿ, ಸಗಣಿ ಕುಳ್ಳಿನ ಬೆಂಕಿಯಲ್ಲಿ ಪುಟ ಹಾಕಬೇಕು. ವಾರಕ್ಕೊಂದು ಪುಟ, ದೀಪಾವಳಿಗೆ ಶುರುವಾದರೆ ಯುಗಾದಿಯ ತನಕ. ಇಷ್ಟೇ ಆಗಿದ್ದರೆ ಯಾರಾದರೂ ಮಾಡಿಯಾರು. ಬೈರಾಗಿ ಇನ್ನೊಂದು ಕಟ್ಟಳೆ ಹಾಕಿದ್ದ. ಮೊದಲ ಬೆಂಕಿ ಹೊತ್ತಿದ ಗಳಿಗೆಯಿಂದ ಕಡೆಯ ಬೆಂಕಿ ಆರುವ ತನಕ ಬೆಂಕಿ ಇಟ್ಟವನು ಸಿಟ್ಟು ಮಾಡುವಂತಿಲ್ಲ. ಒಂದು ಬಿರುಸು ಮಾತು ಬಾಯಿಂದ ಬಿದ್ದರೂ ಪಾದರಸ ಕೆಡುತ್ತದೆ. ಆಗ ಮೂಸೆ ಒಡೆದು ಮತ್ತೆ ಮೊದಲಿನಿಂದ ಶುರುಮಾಡಬೇಕು.

ಜಗತ್ತಿನಲ್ಲಿ ಯಾರಿಗೂ ಸಿಗದೆ ಈ ವಿದ್ಯೆ ಮಾಮಾನಿಗೇ ಸಿಗಬೇಕೆ ಎಂದು ನಾವು ಗಂಡಹೆಂಡತಿ ಅಡಿಗೆಮನೆಯಲ್ಲಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕೆವು. ಸೆರಗು ನನ್ನದು, ಮುಚ್ಚಿಕೊಂಡವರು ಇಬ್ಬರೂ.

ನನ್ನ ಗಂಡ ಒಂದು ಸಲ ಮಾತ್ರ ಬುದ್ಧಿ ಹೇಳಲು ಹೋದರು. “ಮಾಮಾ, ತಾಮ್ರ ಎಷ್ಟು ಸುಟ್ಟರೂ ತಾಮ್ರನರಿ. ನೀವ ಹುಡುಗರಿಗೆ ಕಲಿಸೀರಿ.”

“ಕಲಿಸೇನಪಾ, ಬೋರ್ಡಿನ ಮ್ಯಾಲೆ ಬರದೇನಿ,” ಎಂದರು ಮಾಮಾ. “ಆದ್ರ ಆಗೂದಿಲ್ಲಂತ ಹೇಳಿದವರೆಲ್ಲಾ ಸಿಟ್ಟಿನ ಮನಶ್ಯಾರು. ಸಿಟ್ಟಿಲ್ಲದ ಯಾರರ ಒಮ್ಮೆ ಪ್ರಯೋಗ ಮಾಡಿ ನೋಡ್ಯಾರೇನು?”

ಪಾದರಸದ ಹೊಗೆ ವಿಷ, ಗಚ್ಚಿಯ ಗಾಳಿ ಬೀಸುವ ಮೂಲೆ ಬಿಟ್ಟು ಬೇರೆಲ್ಲೂ ಬೆಂಕಿ ಇಡಕೂಡದು, ಮೂಸೆಯ ಹತ್ತಿರ ಮೂಗು ಒಯ್ಯಕೂಡದು ಎಂದು ಇಂಜಿನಿಯರು ಷರತ್ತು ಹಾಕಿ ಕೈಬಿಟ್ಟರು. ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಹೊಗೆ ಕಂಡು ವಿಚಾರಿಸಲು ಬಂದಾಗ, ಅಜ್ಜ ಹೋಮ ಮಾಡುತ್ತಾರೆ ಎಂದು ನಾನು ಹೇಳಿದೆ. ಅವರು ಕೈಮುಗಿದು ಹೋದರು. ಅದು ಅಷ್ಟೇನೂ ಸುಳ್ಳಲ್ಲ ಎಂದು ಈಗ ಅನ್ನಿಸುತ್ತದೆ.

ಆ ಮೊದಲ ಚಳಿಗಾಲ ಮಾಮಾ ಎಷ್ಟು ಮೂಸೆ ಒಡೆದರೋ ದೇವರೇ ಬಲ್ಲ. ಸಿಟ್ಟು ಒಡೆದು ಹೊರಬೀಳಲು ಅವರಿಗೆ ದೊಡ್ಡ ಕಾರಣವೇ ಬೇಕಿರಲಿಲ್ಲ. ಪೇಪರಿನವನು ತಡ ಮಾಡಿದ, ಮೂಸೆ ಹೋಯಿತು. ಕರೆಂಟು ಹೋಯಿತು, ಮೂಸೆಯೂ ಹೋಯಿತು. ಪಕ್ಕದ ಮನೆಯ ಮದುವೆಯ ಊಟದಲ್ಲಿ ದಾಳ್ ಬಾಯಿಗಿಟ್ಟವರು, “ಬ್ಯಾಳ್ಯಾಗ ಬೆಲ್ಲಾ ಹಾಕ್ಯಾರ! ಇವರೇನು ಮನಶ್ಯಾರೋ ಇರಿವಿಗಳೋ!” ಎಂದು ಇಡೀ ಪಂಕ್ತಿಗೆ ಕೇಳುವಂತೆ ಕೂಗಿದರು. ಕನ್ನಡ ಯಾರಿಗೂ ತಿಳಿಯಲಿಲ್ಲ, ಅದೊಂದು ಪುಣ್ಯ. ಬಡಿಸುವವರು ಮೆಚ್ಚಿ ಹೊಗಳುತ್ತಿದ್ದಾರೆ ಎಂದುಕೊಂಡು ಇನ್ನೊಂದು ಸೌಟು ಸುರಿದು ಹೋದರು. ಸಿಹಿ ಬೇಳೆಯಂತೂ ಅವರ ಜೀವನದ ಶತ್ರುವಾಗಿಬಿಟ್ಟಿತು.

ಆದರೆ ಒಂದು ವಿಷಯ ನನ್ನ ನಗುವನ್ನು ಅರ್ಧಕ್ಕೇ ನಿಲ್ಲಿಸಿತು. ಅವರು ಮೋಸ ಮಾಡುತ್ತಿರಲಿಲ್ಲ. ಗೋರ್ವಾಕ್ಕೆ ಹೊಸ ಮೂಸೆ ತರಲು ಒಬ್ಬರೇ ಹೋದವರು, ಸಂಜೆ ಬಂದು ಚಪ್ಪಲಿ ಬಿಡುತ್ತಲೇ, “ಹೋತು. ರಿಕ್ಷಾದಾಂವನ ಮ್ಯಾಲೆ ಹರಿಹಾಯ್ದೆ. ಮತ್ತ ಮೊದಲಿಂದ,” ಎಂದರು. ಯಾರೂ ನೋಡಿರಲಿಲ್ಲ. ಆ ರಿಕ್ಷಾದವನು ಬಂದು ಸಾಕ್ಷಿ ಹೇಳುವವನೂ ಅಲ್ಲ. ಎಂಟು ವಾರದ ಪುಟ ಮುಗಿದಿದ್ದ ಮೂಸೆ ಅದು. ಗಚ್ಚಿಗೆ ಹೋಗಿ ತಾವೇ ಕಲ್ಲಿನಿಂದ ಒಡೆದು ಬಂದರು. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ ನಾನು ಬಹಳ ಕಂಡಿದ್ದೇನೆ. ಸಿಕ್ಕಿಬೀಳದೆಯೂ ಒಪ್ಪಿಕೊಂಡವರ ಮುಖ ಅದೇ ಮೊದಲು ಕಂಡದ್ದು.

ಎರಡನೆಯ ವರ್ಷ ದೀಪಾವಳಿಗೆ ಮತ್ತೆ ಬೆಂಕಿ ಇಟ್ಟರು. ಅಷ್ಟರಲ್ಲಿ ಅವರಿಗೊಂದು ಉಪಾಯ ಹೊಳೆದಿತ್ತು. ಸಿಟ್ಟು ಏರಿತೋ, ಮಾತಿಲ್ಲದೆ ಎದ್ದು, ಒಂದು ಉಂಡೆ ಹುಣಸೆಹಣ್ಣು, ಒಂದು ಹಿಡಿ ಬೂದಿ ತೆಗೆದುಕೊಂಡು ಮೋರಿಯ ಮುಂದೆ ಕೂತು ತಾಮ್ರದ ತಂಬಿಗೆ ತಿಕ್ಕುವುದು. ಉಸಿರು ಸಮವಾಗುವ ತನಕ ತಿಕ್ಕುವುದು. ನಮ್ಮ ಮನೆಯ ಹಂಡೆ, ಕೊಡ, ದೇವರ ದೀಪ ಎಲ್ಲ ಕನ್ನಡಿಯಾದವು. ನಮ್ಮವು ಮುಗಿದ ಮೇಲೆ ನೆರೆಮನೆಯ ಗುಜರಾತಿ ಹೆಂಗಸರ ಕೊಡಗಳು ಬರತೊಡಗಿದವು. “ದಾದಾನಿಗೆ ಸ್ವಲ್ಪ ಕೊಡಿ,” ಎಂದು ಅಜ್ಜನ ಹೆಸರಿನಲ್ಲಿ ಬಾಗಿಲಲ್ಲಿ ಇಟ್ಟು ಹೋಗುವರು. ಆ ವರ್ಷ ನಮ್ಮ ಸೊಸೈಟಿಯಲ್ಲಿ ಕಿಲುಬು ಹಿಡಿದ ಪಾತ್ರೆ ಒಂದೂ ಇರಲಿಲ್ಲ. ಯಾರ ಮೇಲಿನ ಸಿಟ್ಟಿನಿಂದ ತಮ್ಮ ಕೊಡ ಬೆಳಗಿತು ಎಂಬುದು ಪಾಪ ಅವರಿಗೇನು ಗೊತ್ತು.

ನಾನು ಕೀಟಲೆಯವಳು. ಬೆಂಕಿ ಇರುವಾಗ ಅವರು ಏನೂ ಅನ್ನುವಂತಿಲ್ಲ ಎಂಬ ಧೈರ್ಯ ಬೇರೆ. ಬೇಕೆಂದೇ, “ಮಾಮಾ, ಇವತ್ತ ಉಪ್ಪಿಟ್ಟು ಗಂಟಾಗೇದರಿ,” ಎನ್ನುತ್ತಿದ್ದೆ. ಅವರು ಗಂಟನ್ನು ಬೆರಳಿನಿಂದ ಒಡೆದು ತಿಂದು, “ಹುಣಸಿಹಣ್ಣು ಎಲ್ಲೆ ಇಟ್ಟೀದಿ?” ಎನ್ನುತ್ತಿದ್ದರು. ಆಮೇಲಾಮೇಲೆ ಹುಣಸೆಹಣ್ಣು ಕೇಳುವುದೂ ಕಡಿಮೆಯಾಯಿತು. ಯಾವ ವಾರ ಕಡಿಮೆಯಾಯಿತು ಎಂದು ನಾನು ಗಮನಿಸಲೇ ಇಲ್ಲ.

ಗಮನಿಸಿದ್ದು ಅಹಮದಾಬಾದಿನಲ್ಲಿ. ಅಲ್ಲಿನ ಕನ್ನಡಿಗರು ಸೇರಿ ಒಬ್ಬ ಸ್ವಾಮಿಗಳ ಪ್ರವಚನ ಇಟ್ಟುಕೊಂಡಿದ್ದರು. ಬ್ಯಾಂಕಿನವರು, ಬಾಹ್ಯಾಕಾಶದ ಕಚೇರಿಯ ವಿಜ್ಞಾನಿಗಳು, ಅವರ ಮನೆಯವರು, ಸಭೆ ತುಂಬಿತ್ತು. ಸ್ವಾಮಿಗಳು ಚೆಂದಾಗಿ ಮಾತಾಡಿದರು. ಮನಸ್ಸು ತಾಮ್ರ, ಗುರು ಪರುಷ, ಮುಟ್ಟಿದ ಕ್ಷಣ ಬಂಗಾರ ಎಂದರು. ಕಡೆಗೆ ಪ್ರಶ್ನೆ ಇದ್ದರೆ ಕೇಳಿ ಎಂದಾಗ ನಮ್ಮ ಮಾಮಾ ಎದ್ದು ನಿಂತರು. “ಮುಟ್ಟಿದ ಕ್ಷಣ ಆಗ್ತದಂದ್ರಿ. ನಾ ಒಂದೂವರಿ ವರ್ಷ ಸುಡ್ಲಿಕತ್ತೇನಿ, ಇನ್ನಾ ಆಗಿಲ್ಲ. ಎಷ್ಟು ಉರಿ ಇಡಬೇಕಂತ ಹೇಳ್ತೀರೇನು?”

ಸಭೆ ಗೊಳ್ಳೆಂದು ನಕ್ಕಿತು. ವಿಜ್ಞಾನಿಗಳು ಹೆಚ್ಚು ನಕ್ಕರು. ಮಾಮಾನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಂಡಿತು. ಆ ನರ ನನಗೆ ಚಿಕ್ಕಂದಿನಿಂದ ಗೊತ್ತು. ಅದು ಎದ್ದ ಮೇಲೆ ತಾಟು ಏಳದೆ ಇದ್ದದ್ದಿಲ್ಲ. ನಾನು ನೆಲ ನೋಡುತ್ತ ಕೂತೆ. ಏನೂ ಆಗಲಿಲ್ಲ. ಮಾಮಾ ತಾವೂ ಸ್ವಲ್ಪ ನಕ್ಕು, ಕೈಮುಗಿದು ಕುಳಿತರು. ವಾಪಸು ಬರುವಾಗ ಬಸ್ಸಿನಲ್ಲಿ ಬುತ್ತಿಯ ಹಿತ್ತಾಳೆ ಡಬ್ಬಿಯ ಮುಚ್ಚಳವನ್ನು ಧೋತರದ ಚುಂಗಿನಿಂದ ಒಂದಿಷ್ಟು ಹೊತ್ತು ಒರೆಸಿದರು, ಆಮೇಲೆ ನಿದ್ದೆ ಹೋದರು. ನನಗೆ ಆ ದಿನ ಸ್ವಾಮಿಗಳಿಗಿಂತ ಅವರ ಬಗ್ಗೆ ಹೆಮ್ಮೆ ಅನ್ನಿಸಿತು.

ಮರುದಿನವೇ ಎಸ್‌ಟಿಡಿ ಬೂತಿಗೆ ಹೋಗಿ ಸೂರತ್ತಿಗೆ ಫೋನು ಹಚ್ಚಿದೆ. ಮಾಮಾನ ಮಗಳು ನನ್ನನ್ನು ಅಕ್ಕಾ ಎನ್ನುತ್ತಾಳೆ, ತಂಗಿಗಿಂತ ಹೆಚ್ಚು ನನಗೆ. ಗಚ್ಚಿಯ ಮೇಲಿನ ಸಮಾಚಾರವೆಲ್ಲ ಅವಳಿಗೆ ಆಗಾಗ ಫೋನಿನಲ್ಲಿ ಹೇಳುತ್ತಲೇ ಇದ್ದೆ. “ನಿಮ್ಮಪ್ಪ ಬದಲಾಗ್ಯಾರ. ನಾ ಕಣ್ಣಿಲೆ ನೋಡೇನಿ. ಒಮ್ಮೆ ಕರಿ ಅವರನ್ನ,” ಎಂದೆ.

“ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲಕ್ಕಾ,” ಎಂದಳು. “ಪಾದರಸದ ಸಲುವಾಗಿ ಸುಮ್ಮನಿದ್ದಾರ. ಇಷ್ಟು ವರ್ಷ ನನ್ನ ಸಲುವಾಗಿ ಒಂದಿನಾ ಸುಮ್ಮನಿರಲಿಲ್ಲ. ಬೆಂಕಿ ಆರಿದ ಮ್ಯಾಲೆ ಏನಾಗ್ತಾರೋ ಯಾರಿಗೆ ಗೊತ್ತು. ನನ್ನ ಮಗಳು ಅನ್ನದ ತಾಟು ಹಾರೂದನ್ನ ನೋಡಬಾರದು,” ಎಂದಳು.

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಫೋನು ಇಟ್ಟು ಮನೆಗೆ ಬಂದರೆ ಮಾಮಾ ಗಚ್ಚಿಯ ಮೇಲೆ ಕುಳ್ಳು ಜೋಡಿಸುತ್ತಿದ್ದರು. ನನಗೆ ತಡೆಯಲಾಗಲಿಲ್ಲ. “ಅಲ್ಲ ಮಾಮಾ, ಬಂಗಾರ ಆತಂತ ಇಟಗೋರಿ. ಏನು ಮಾಡ್ತೀರಿ ಅದನ್ನ?” ಎಂದು ಕೇಳಿದೆ.

“ಸೂರತ್ತಿಗೆ ಹೋಗ್ತೇನಿ,” ಎಂದರು, ಇದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ.

ಅವರು ಕುಳ್ಳು ಜೋಡಿಸುತ್ತಲೇ ಹೇಳಿದರು. “ನಾ ಸಿಟ್ಟು ಬಿಟ್ಟೇನವಾ ಅಂತ ಹೋಗಿ ಬಾಗಲದಾಗ ನಿಂತ್ರ ಆಕಿ ನಂಬ್ತಾಳೇನು? ಆಕಿ ಜಾಗಾದಾಗ ನಾ ಇದ್ರೂ ನಂಬ್ತಿದ್ದಿಲ್ಲ. ಬಾಯಿ ಮಾತು ಸಾಲೂದಿಲ್ಲ, ಸಾಕ್ಷಿ ಬೇಕು. ಈ ತಾಮ್ರ ಬಂಗಾರ ಆತಂದ್ರ ಮೊದಲ ಬೆಂಕಿಯಿಂದ ಕಡೀ ಬೆಂಕಿತನಕ ಈ ಮನಶ್ಯಾ ಸಿಟ್ಟು ಮಾಡಿಲ್ಲಂತ ಅದ ಹೇಳ್ತದ. ಆಕಿ ಕೈಯಾಗ ಇಟ್ಟು ಸುಮ್ಮನ ನಿಂದರ್ತೇನಿ.” ಆಮೇಲೆ ತಲೆಯೆತ್ತಿ, “ಇದನ್ನ ಆಕಿಗೆ ಹೇಳಬ್ಯಾಡ. ಆಗೂತನಕ ಹೇಳಬ್ಯಾಡ,” ಎಂದರು.

ಅಡಕೊತ್ತಿನಲ್ಲಿ ಸಿಕ್ಕ ಅಡಿಕೆಯ ಹಾಗಾಯಿತು ನನ್ನ ಸ್ಥಿತಿ. ಪಾದರಸಕ್ಕಾಗಿ ಅಪ್ಪ ಸಿಟ್ಟು ಬಿಟ್ಟ ಎಂದು ಮಗಳ ಸಂಕಟ. ಮಗಳಿಗಾಗಿ ಪಾದರಸ ಸುಡುತ್ತಿರುವ ಅಪ್ಪ ಹೇಳಬೇಡ ಎನ್ನುತ್ತಾರೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ತಾಮ್ರ ಬಂಗಾರವಾಗುವುದಿಲ್ಲ ಎಂದು ನನಗೆ ಗೊತ್ತು. ಅಂದರೆ ಈ ಮನುಷ್ಯ ಎಂದೂ ಸೂರತ್ತಿಗೆ ಹೋಗುವುದಿಲ್ಲ. ಮಗಳ ಮನೆಯ ಬಾಗಿಲಿಗೆ ಎಂದೂ ತೆರೆಯದ ಬೀಗವೊಂದನ್ನು ತಾವೇ ಕೈಯಾರೆ ಹಾಕಿಕೊಂಡು ಕೂತಿದ್ದರು.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ಕಡೆಯ ಬೆಂಕಿ ಆರಿತು. ದೀಪಾವಳಿಯಿಂದ ಅಲ್ಲಿಯವರೆಗೆ ಅವರು ಒಂದು ಬಿರುಸು ಮಾತು ಆಡಿರಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಮೂಸೆ ತಣ್ಣಗಾದ ಮೇಲೆ ಸ್ನಾನ ಮಾಡಿ ಬಂದು, ಬಟ್ಟೆಮಣ್ಣು ಬಿಡಿಸಿ ಒಡೆದರು. ಒಳಗೆ ಕರಕಲಾದ ಒಂದು ತುಂಡು, ಸುಟ್ಟ ಬದನೆಕಾಯಿಯ ಬಣ್ಣ. ಮಾಮಾ ಅದನ್ನು ಬಿಸಿಲಿಗೆ ಹಿಡಿದರು, ಉಗುರಿನಿಂದ ಕೆರೆದರು, ನೀರಲ್ಲಿ ತೊಳೆದರು. ತೊಳೆದ ಮೇಲೂ ಕಪ್ಪಗೇ ಇತ್ತು.

ನಾನು ಪಕ್ಕದಲ್ಲಿ ಕೂತೆ. ಇಷ್ಟು ದಿನ ತಡೆಹಿಡಿದದ್ದೆಲ್ಲ ಈಗ ಒಡೆಯುತ್ತದೆ, ಬೈರಾಗಿಗೆ ಗದಗಿನ ತನಕ ಕೇಳುವ ಹಾಗೆ ಬೈಗುಳ ಬೀಳುತ್ತದೆ ಎಂದುಕೊಂಡೆ. ಮಾಮಾ ಹೇಳಿದ್ದು ಇಷ್ಟೇ. “ಬಾಯಾಗ ಇರಲಿಲ್ಲ, ಹೊಟ್ಟ್ಯಾಗ ಇತ್ತು.”

“ಏನು ಮಾಮಾ?”

“ಸಿಟ್ಟು. ಆಕಿ ನನ್ನ ಬಿಟ್ಟು ಹೋದ್ಲಂತ ಒಳಗ ಉರೀತಿತ್ತು. ನಾನ ಓಡಿಸೇನಿ ಆಕೀನ. ಓಡಿಸಿ, ಬಿಟ್ಟು ಹೋದ್ಲಂತ ಸಿಟ್ಟು ಬ್ಯಾರೆ ಇಟಗೊಂಡಿದ್ದೆ. ನನಗ ಗೊತ್ತಿರಲಿಲ್ಲ. ಪಾದರಸಕ್ಕ ಗೊತ್ತಾಗೇದ.” ಕರಕಲು ತುಂಡನ್ನು ಕರವಸ್ತ್ರದಲ್ಲಿ ಕಟ್ಟಿದರು. “ಮತ್ತ ಮೊದಲಿಂದ. ಈ ಸಲ ಹೊಟ್ಟ್ಯಾಗಿಂದೂ ತಗದು ಮಾಡ್ತೇನಿ.”

ಎಷ್ಟು ಪ್ರವಚನ ಕೇಳಿದರೇನು, ಇಂಥ ಮಾತು ಆಡಲು ಬರುವವರು ಎಷ್ಟು ಜನ. ಆದರೆ ಆ ಗಳಿಗೆಯಲ್ಲಿ ನನಗೆ ಮೆಚ್ಚುಗೆ ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ನಮ್ಮ ಮನೆತನದ ಸಿಟ್ಟು ನನಗೂ ಒಂದು ಪಾಲು ಬಂದಿದೆಯಲ್ಲ. “ಸಾಕು ಮಾಡ್ರಿ ಮಾಮಾ. ನಿಮ್ಮ ಬಂಗಾರ ಆಗೂದರಾಗ ಮೊಮ್ಮಗಳ ಮದಿವಿ ಆಗಿ ಹೋಗ್ತದ,” ಎಂದು ಕಿರುಚಿದೆ.

“ಸಿಟ್ಟು ಮಾಡಬ್ಯಾಡವಾ,” ಎಂದರು ಮೆಲ್ಲಗೆ. “ಬೂದಿ ಇನ್ನಾ ಬಿಸಿ ಅದ.”

ನಾನು ಚಪ್ಪಲಿ ಮೆಟ್ಟಿ ನೇರ ಬೂತಿಗೆ ಹೋದೆ. ಆಗುವ ತನಕ ಹೇಳಬೇಡ ಎಂದಿದ್ದರು. ಆಗುವುದಂತೂ ಇಲ್ಲ, ಇನ್ನು ಯಾಕೆ ಸುಮ್ಮನಿರಲಿ. ತಂಗಿಗೆ ಎಲ್ಲ ಹೇಳಿದೆ. ಬಂಗಾರ ಯಾಕೆ ಬೇಕಿತ್ತು, ಮೂಸೆಯಲ್ಲಿ ಏನು ಸಿಕ್ಕಿತು, ಅವರು ಏನೆಂದರು, ಒಂದೂ ಬಿಡದೆ. ಲೈನು ಕಟ್ಟಾಯಿತೇ ಎಂದು ಹಲೋ ಹಲೋ ಎಂದೆ.

“ಆ ತುಂಡು ಒಗದ್ರೇನು?” ಎಂದಳು ಕೊನೆಗೆ.

“ಇಲ್ಲ, ಕಟ್ಟಿ ಇಟ್ಟಾರ.”

“ಜರಿಯವರ ಮನ್ಯಾಗ ಒರೆಗಲ್ಲು ಅದ, ತಿಕ್ಕಿ ನೋಡೂಣಂತ ಹೇಳು. ಪ್ರಯೋಗ ಅಂದ್ರ ಬರ್ತಾರ. ಊಟಕ್ಕ ಕರಕೊಂಡು ಬಾ ಅಕ್ಕಾ.” ಅಷ್ಟು ಹೇಳಿ ಫೋನು ಇಟ್ಟಳು.

ಹಬ್ಬ ಕಳೆದು ಒಂದು ಬೆಳಗಿನ ಗಾಡಿ ಹತ್ತಿದೆವು. ಕರವಸ್ತ್ರದ ಗಂಟು ಮಾಮಾನ ತೊಡೆಯ ಮೇಲಿತ್ತು. ಭರೂಚಿನ ಹತ್ತಿರ ನರ್ಮದೆ ಬಂದಾಗ ಜನ ಕಿಟಕಿಯಿಂದ ನಾಣ್ಯ ಒಗೆದು ಕೈಮುಗಿದರು. ಇವರು ಗಂಟನ್ನೇ ಒಗೆದುಬಿಟ್ಟಾರು ಎಂದು ನನಗೆ ಹೆದರಿಕೆ. ಅವರು ಒಗೆಯಲಿಲ್ಲ. ಸೇತುವೆ ದಾಟಿದ ಮೇಲೆ, “ಕೂಸಿಗೆ ಕನ್ನಡ ಬರ್ತದೇನು?” ಎಂದು ಕೇಳಿದರು.

“ತಿಳೀತದ ಅಷ್ಟ. ಮಾತಾಡೂದೆಲ್ಲಾ ಗುಜರಾತಿ,” ಎಂದೆ. ಹಿಂದಿನ ಮಾಮಾ ಆಗಿದ್ದರೆ ಇಷ್ಟು ಸಾಕಿತ್ತು, ಬೋಗಿಯ ಅರ್ಧ ಜನ ಎದ್ದು ಬೇರೆ ಕಡೆ ಹೋಗುತ್ತಿದ್ದರು.

“ಗುಜರಾತಿಯೊಳಗ ಹೆದರಬ್ಯಾಡ ಅನ್ನೂದಕ್ಕ ಏನಂತಾರ?” ಎಂದ ಮಾಮಾ ನನ್ನ ಮುಖ ನೋಡದೆ ಕಿಟಕಿಯಾಚೆ ನೋಡುತ್ತಿದ್ದರು.

“ಡರೀಶ್ ನಹೀಂ,” ಎಂದೆ. ಸೂರತ್ತು ಬರುವ ತನಕ ತುಟಿ ಅಲುಗಿಸುತ್ತ ಅದನ್ನೇ ಉರುಹೊಡೆದರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ, ರೈಲಿನ ದೂಳು ಎಂದು ನೆವ ಹೇಳಿ.

ತಂಗಿ ಬಾಗಿಲು ತೆರೆದಳು. ಕಾಲಿಗೆ ಬೀಳಲಿಲ್ಲ, ಅಳಲಿಲ್ಲ. “ಬರ್ರಿ,” ಎಂದಳು. ಮಾಮಾ ಒಳಗೆ ಬಂದವರೇ ಗಂಟು ಬಿಚ್ಚಿ ತುಂಡನ್ನು ಅವಳ ಕೈಯಲ್ಲಿಟ್ಟರು. ಅವಳ ಗಂಡ ಒರೆಗಲ್ಲು ತಂದ. ಅವಳೇ ತಿಕ್ಕಿದಳು. ಕಲ್ಲಿನ ಮೇಲೆ ಬಂಗಾರದ ಗೆರೆಯಿರಲಿ, ತಾಮ್ರದ ಗೆರೆಯೂ ಸರಿಯಾಗಿ ಮೂಡಲಿಲ್ಲ.

“ಏನೂ ಇಲ್ಲಪ್ಪಾ,” ಎಂದಳು.

“ಹೌದವಾ, ಏನೂ ಆಗಿಲ್ಲ,” ಎಂದರು ಮಾಮಾ. “ಆಗೇದಂತ ಹೇಳಾಕ ಬಂದಿಲ್ಲ.”

ಊಟಕ್ಕೆ ಕೂತೆವು. ಕೂಸು ತಾನಾಗಿಯೇ ಬಂದು ಅಜ್ಜನ ಪಕ್ಕ ಕೂತಿತು. ತಂಗಿ ಅನ್ನ ಬಡಿಸಿ, ದಾಳ್ ಹಾಕಿ ಒಳಗೆ ಹೋದಳು. ನಾನು ಒಂದು ತುತ್ತು ಬಾಯಿಗಿಟ್ಟೆ, ಇಟ್ಟವಳು ನುಂಗಲಾರದೆ ಕೂತೆ. ಸೂರತ್ತಿನ ಮನೆಗಳಲ್ಲಿ ಎಷ್ಟೋ ಸಲ ಉಂಡಿದ್ದೇನೆ, ಅಲ್ಲಿಯ ಸಿಹಿ ನನಗೆ ಗೊತ್ತು. ಇದು ದಾಳ್ ಅಲ್ಲ, ಪಾನಕ. ಬೇಕೆಂದೇ ಮುಷ್ಟಿಗಟ್ಟಲೆ ಬೆಲ್ಲ ಸುರಿದಿದ್ದಾಳೆ. ಸಿಹಿ ಬೇಳೆಯ ಕತೆಗಳನ್ನೆಲ್ಲ ಫೋನಿನಲ್ಲಿ ಹೇಳಿ ನಗಿಸಿದವಳು ನಾನೇ. ತಲೆಯೆತ್ತಿ ನೋಡಿದರೆ ಅಡಿಗೆಮನೆಯ ಬಾಗಿಲಲ್ಲಿ ಅವಳು ನಿಂತಿದ್ದಳು. ಎರಡೂ ಕೈ ಚೌಕಟ್ಟನ್ನು ಹಿಡಿದಿದ್ದವು. ಉಸಿರು ಬಿಟ್ಟಿರಲಿಲ್ಲ.

ಆಗ ನನಗೆ ಅರ್ಥವಾಯಿತು, ಅವಳ ಒರೆಗಲ್ಲು ಬೇರೆಯೇ ಇತ್ತು. ಇಲ್ಲಿ ಬೆಂಕಿ ಇಲ್ಲ, ಪಾದರಸ ಇಲ್ಲ, ಕೆಡಲು ಏನೂ ಉಳಿದಿಲ್ಲ. ಸಿಟ್ಟು ಮಾಡಿದರೆ ಒಡೆಯಬೇಕಾದ ಮೂಸೆಯೂ ಇಲ್ಲ.

ಮಾಮಾ ಮೊದಲ ತುತ್ತು ಬಾಯಿಗಿಟ್ಟರು. ಕುತ್ತಿಗೆಯ ನರ ಎದ್ದಿತು. ಗುಣ ಎಲ್ಲಿಗೂ ಹೋಗಿರಲಿಲ್ಲ, ಮಗಳು ಹೇಳಿದ್ದು ನಿಜವೇ ಇತ್ತು. ಎಡಗೈ ತಾಟಿನ ಅಂಚಿಗೆ ಬಂತು, ಬೆರಳುಗಳು ಅಂಚನ್ನು ಹಿಡಿದವು. ನಾನು ಕೂಸನ್ನು ನನ್ನ ಕಡೆ ಎಳೆದುಕೊಳ್ಳಲು ಕೈ ಚಾಚಿದೆ. ಮಾಮಾ ತಾಟನ್ನು ಹಾಗೇ ಹಿಡಿದುಕೊಂಡು ಎರಡನೆಯ ತುತ್ತು ಕಲಸಿದರು. ಮೂರನೆಯದನ್ನೂ ಉಂಡರು. ನರ ಇಳಿಯಿತು. ಪಕ್ಕದಲ್ಲಿ ತಮ್ಮ ಮುಖವನ್ನೇ ನೋಡುತ್ತಿದ್ದ ಮೊಮ್ಮಗಳಿಗೆ, “ಡರೀಶ್ ನಹೀಂ,” ಎಂದರು. ಗದಗಿನ ಗುಜರಾತಿ ಕೇಳಿ ಕೂಸು ಕಿಲಕಿಲ ನಕ್ಕಿತು. ಅದಕ್ಕೆ ಹೆದರಿಕೆ ಎಂದರೇನು ಎಂದೇ ಗೊತ್ತಿರಲಿಲ್ಲ.

ಆಮೇಲೆ ಬಾಗಿಲ ಕಡೆ ತಿರುಗಿದರು.

“ನೀನೂ ಹೆದರಬ್ಯಾಡವಾ. ತಾಟು ಹಾರೂದಿಲ್ಲ,” ಎಂದರು. “ಇನ್ನೊಂದಿಷ್ಟು ಬ್ಯಾಳಿ ಹಾಕು.”

ತಂಗಿ ಬಂದಳು. ಬೇಳೆ ಹಾಕಲಿಲ್ಲ. ಅಪ್ಪನ ಮುಂದಿನ ತಾಟನ್ನು ಎತ್ತಿಕೊಂಡು ಒಳಗೆ ಹೋಗಿ ಬೇರೊಂದು ತಾಟಿನಲ್ಲಿ ಬಿಸಿ ಅನ್ನ, ಬಟ್ಟಲಲ್ಲಿ ಸಾರು ತಂದಳು. ನಮ್ಮ ಕಡೆಯ ಸಾರು, ಊರಿನ ಸಾರಿನ ಪುಡಿಯದು, ಇಂಗಿನ ಒಗ್ಗರಣೆಯದು. ಬೆಳಗ್ಗೆಯೇ ಮಾಡಿ ಮುಚ್ಚಿಟ್ಟಿದ್ದಳು. ಅದನ್ನಿಟ್ಟು ಎದುರಿಗೇ ನೆಲದ ಮೇಲೆ ಕೂತಳು, ಬಾಗಿಲಿಗೆ ಹೋಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನಾನೂ ಅತ್ತೆ. ಜರಿಯ ಅಳಿಯ ಏನೂ ತಿಳಿಯದೆ ನಮ್ಮೆಲ್ಲರ ಮುಂದೆ ನೀರಿನ ಲೋಟ ಇಡುತ್ತ ಓಡಾಡಿದ.

ಮಾಮಾ ಸಾರನ್ನು ಅನ್ನಕ್ಕೆ ಕಲಸಿ ಉಂಡು, ಉಳಿದದ್ದನ್ನು ಬಟ್ಟಲೆತ್ತಿ ಕುಡಿದರು. ಇನ್ನೊಂದು ಬಟ್ಟಲು ಹಾಕಿಸಿಕೊಂಡು ಅದನ್ನೂ ಕುಡಿದರು. ನನಗೂ ಬಡಿಸಿದಳು. ಆ ಸಾರಿಗೆ ಅವಳು ಉಪ್ಪು ಹಾಕುವುದನ್ನೇ ಮರೆತಿದ್ದಳು.